ರೆಪ್ಲಿಕಾ ಕಾರಿಗೆ ಕಂಪನಿ ಯಾರು?

(ಮೈಸೂರಿನಲ್ಲಿ ಹಳೇ ವಾಹನಗಳ ಆಸಕ್ತರು ಮತ್ತು ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಪ್ರಶ್ನೋತ್ತರದಲ್ಲಿ ಮುಖ್ಯವಾದದ್ದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಕಾಲೇಜು ಮಕ್ಕಳು. ಇನ್ನರ್ಧ ಜನ ಜಾವಾ, ಯೆಜ್ಡಿ ಬಿಚ್ಚಿ ಜೋಡಿಸಿ ಕೈ ಪಳಗಿದವರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಆದರೂ ಆ ಬೈಕುಗಳು ಈ ಊರಿನ ರಸ್ತೆ ಬಿಟ್ಟು ಹೋಗಿಲ್ಲ. ಹಾಗಾಗಿ ಹಳೇ ಗಾಡಿ ಸಾಕೋದು ಅಂದರೆ ಏನು ಅಂತ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಇವತ್ತಿನ ವಿಷಯ ಅದರ ಪಕ್ಕದ್ದು. ನೋಡೋಕೆ ಹಳೇದು, ಆದರೆ ಹಳೇದಲ್ಲ. ಹಳೇ ಸ್ಪೋರ್ಟ್ಸ್ ಕಾರಿನ ಆಕಾರವನ್ನೇ ಹೋಲುವ ಹಾಗೆ ಹೊಸದಾಗಿ ಕಟ್ಟಿದ ಕಾರು, ಅಂದರೆ ರೆಪ್ಲಿಕಾ, ಅದರ ಬಗ್ಗೆ ಮಾತಾಡೋಣ.

ನಾನು ಮಂಡ್ಯದವನು. ಕೆಲಸ ಮಾಡಿದ್ದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿ ನನ್ನ ಹತ್ತಿರ ಪೋರ್ಷೆ 356 ಸ್ಪೀಡ್‌ಸ್ಟರ್ ಕಾರಿನ ಒಂದು ರೆಪ್ಲಿಕಾ ಇತ್ತು. ಅದನ್ನು ಮನೆಯ ಕಾರಿನ ಹಾಗೇ ಓಡಿಸಿದೆ. ಆಫೀಸಿಗೂ ಅದೇ, ತರಕಾರಿಗೂ ಅದೇ. ಊರಿಗೆ ವಾಪಸ್ ಬರುವಾಗ ಮಾರಿ ಬಂದೆ. ಬಂದ ಮೇಲೆ ಹುಡುಗರು ಒಬ್ಬರಾದ ಮೇಲೆ ಒಬ್ಬರು ಕೇಳುತ್ತಿದ್ದಾರೆ, "ಸಾರ್, ಮೈಸೂರಲ್ಲೇ ಒಂದು ಕಟ್ಟೋಣ್ವಾ?" ಅಂತ. ಆ ಪ್ರಶ್ನೆಗೆ ಒಂದೇ ಮಾತಲ್ಲಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಈ ಉಪನ್ಯಾಸ.

ಮೊದಲು ಇಂಥ ಕಾರು ಯಾಕೆ ಹುಟ್ಟುತ್ತವೆ ಅಂತ ನೋಡೋಣ. ಸ್ಪೀಡ್‌ಸ್ಟರ್ 1954ರಲ್ಲಿ ಬಂತು. ಮ್ಯಾಕ್ಸ್ ಹಾಫ್‌ಮನ್ ಅಂತ ನ್ಯೂಯಾರ್ಕಿನಲ್ಲಿ ಯುರೋಪಿನ ಕಾರುಗಳನ್ನು ತರಿಸಿ ಮಾರುತ್ತಿದ್ದ ವ್ಯಾಪಾರಿ. ಅಮೆರಿಕದ ಮಾರುಕಟ್ಟೆಗೆ ಕಡಿಮೆ ಬೆಲೆಯ, ಅಲಂಕಾರ ಇಲ್ಲದ ಒಂದು ತೆರೆದ ಕಾರು ಕೊಡಿ ಅಂತ ಆತ ಪೋರ್ಷೆಯವರಿಗೆ ದುಂಬಾಲು ಬಿದ್ದ. ಮೂರು ಸಾವಿರ ಡಾಲರಿನೊಳಗೆ ಸಿಗುವ ಹಾಗೆ ಮಾಡಿದರು. ಮುಂದೆ ಚಿಕ್ಕ ಗಾಜು, ಮೇಲೆ ಮಡಚುವ ತೆಳ್ಳನೆಯ ಬಟ್ಟೆಯ ಹುಡ್, ಬಾಗಿಲಿಗೆ ಏರಿಸಿ ಇಳಿಸುವ ಗಾಜೇ ಇಲ್ಲ. 1958ಕ್ಕೆ ಅದನ್ನು ನಿಲ್ಲಿಸಿದರು. ಒಟ್ಟು ತಯಾರಾಗಿದ್ದು ಸುಮಾರು ನಾಲ್ಕು ಸಾವಿರ. ಕಡಿಮೆ ಬೆಲೆಗೆ ಅಂತ ಮಾಡಿದ ಆ ಕಾರು ಇವತ್ತು ಕೋಟಿಗಳಲ್ಲಿ ಮಾರಾಟವಾಗುತ್ತದೆ. ಅಷ್ಟು ಬೆಲೆ ಬಂದ ಮೇಲೆ ಅದನ್ನು ಯಾರು ರಸ್ತೆಗೆ ತರುತ್ತಾರೆ? ಗ್ಯಾರೇಜಿನಲ್ಲಿ ಬಟ್ಟೆ ಹೊದಿಸಿ ಇಡುತ್ತಾರೆ. ಎಸಿ ಕೋಬ್ರಾ ಕಥೆಯೂ ಇದೇ. 1962ರಲ್ಲಿ ಕ್ಯಾರೊಲ್ ಶೆಲ್ಬಿ ಇಂಗ್ಲೆಂಡಿನ ಒಂದು ಹಗುರವಾದ ಕಾರಿಗೆ ಅಮೆರಿಕದ ಫೋರ್ಡ್ ವಿ-8 ಇಂಜಿನ್ ಕೂರಿಸಿದ. ಮೂಲ ಕಾರುಗಳು ಹೆಚ್ಚು ಕಡಿಮೆ ಒಂದು ಸಾವಿರ. ಅದರ ರೆಪ್ಲಿಕಾಗಳು ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಫೆರಾರಿ 250 ಜಿಟಿಒ ಅಂತೂ ಮಾಡಿದ್ದೇ 36.

ಅಂದರೆ ಓಡಿಸಬೇಕು ಅನ್ನೋ ಆಸೆ ಇರುವವನಿಗೆ ಅಸಲಿ ಸಿಗಲ್ಲ. ಸಿಕ್ಕರೂ ಓಡಿಸೋಕೆ ಧೈರ್ಯ ಬರಲ್ಲ. ರೆಪ್ಲಿಕಾ ಹುಟ್ಟೋದು ಅಲ್ಲಿ. ನನಗೆ ಇದರಲ್ಲಿ ಕೀಳು ಅನ್ನಿಸುವಂಥದ್ದು ಏನೂ ಕಾಣಲಿಲ್ಲ, ಇವತ್ತೂ ಕಾಣಲ್ಲ.

ಸ್ಪೀಡ್‌ಸ್ಟರ್ ವಿಷಯದಲ್ಲಿ ಇನ್ನೊಂದು ಚೆಂದ ಇದೆ. ಇದರ ರೆಪ್ಲಿಕಾಗಳಲ್ಲಿ ಬಹುಪಾಲು ಫೋಕ್ಸ್‌ವ್ಯಾಗನ್ ಬೀಟಲ್ ಮೇಲೆ ಕಟ್ಟಿದವು. ಬೀಟಲ್ ವಿನ್ಯಾಸ ಮಾಡಿದ್ದು ಫರ್ಡಿನಾಂಡ್ ಪೋರ್ಷೆ. ಅವನ ಮಗ ಫೆರಿ ಪೋರ್ಷೆ 1948ರಲ್ಲಿ ಆಸ್ಟ್ರಿಯಾದ ಗ್ಮುಂಡ್ ಅನ್ನುವ ಊರಲ್ಲಿ 356 ಮಾಡೋಕೆ ಶುರು ಮಾಡಿದಾಗ ಬಳಸಿದ್ದು ಅಪ್ಪನ ಬೀಟಲ್ ಭಾಗಗಳನ್ನೇ. ಹಿಂದೆ ಇಂಜಿನ್, ಗಾಳಿಯಿಂದ ತಣ್ಣಗಾಗುವ ನಾಲ್ಕು ಸಿಲಿಂಡರ್, ಅದೇ ಥರದ ಸಸ್ಪೆನ್ಷನ್. ಹಾಗಾಗಿ ಬೀಟಲ್ ಮೇಲೆ ಸ್ಪೀಡ್‌ಸ್ಟರ್ ಮೈ ಕೂರಿಸಿದರೆ ಅದು ದಾಯಾದಿ ಮನೆಯ ಸಂಬಂಧವೇ. ಒಂದು ತೊಡಕು ಇದೆ. ಬೀಟಲಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 2,400 ಮಿ.ಮೀ. 356ರದ್ದು 2,100. ಅಂದರೆ ಬೀಟಲಿನ ತಳದ ತಗಡನ್ನು ಸುಮಾರು ಒಂದು ಅಡಿ ಕತ್ತರಿಸಿ ತೆಗೆದು ಮತ್ತೆ ವೆಲ್ಡ್ ಮಾಡಬೇಕು. ಮೇಲೆ ಫೈಬರ್ ಗ್ಲಾಸ್ ಮೈ ಬರುತ್ತದೆ.

ಈಗ ನಾನು ಹೇಳಬೇಕಾದ ಮುಖ್ಯ ಮಾತಿಗೆ ಬರುತ್ತೇನೆ. ನೀವು ಶೋರೂಮಿನಲ್ಲಿ ಒಂದು ಸಾಧಾರಣ ಕಾರು ಕೊಂಡರೂ ಅದರ ಹಿಂದೆ ಸಾವಿರಾರು ಜನರ ಕೆಲಸ ಇರುತ್ತದೆ. ಆ ವೆಲ್ಡಿಂಗ್ ತಡೆಯುತ್ತಾ ಅಂತ ಯಾರೋ ಪರೀಕ್ಷೆ ಮಾಡಿರುತ್ತಾರೆ. ಪೆಟ್ರೋಲ್ ಪೈಪು ಯಾವ ಬಿಸಿಗೆ ಬಿರಿಯುತ್ತೆ ಅಂತ ಯಾರೋ ಅಳತೆ ಮಾಡಿರುತ್ತಾರೆ. ಮಳೆ ನೀರು ಎಲ್ಲಿಂದ ಒಳಗೆ ಬರುತ್ತೆ ಅಂತ ಯಾರೋ ಪೈಪ್ ಹಿಡಿದು ನೋಡಿರುತ್ತಾರೆ. ಏನಾದರೂ ಕೆಟ್ಟರೆ ಸರ್ವಿಸ್ ಸೆಂಟರ್ ಇದೆ. ರೆಪ್ಲಿಕಾದಲ್ಲಿ ಇವರು ಯಾರೂ ಇಲ್ಲ. ಮೈ ಮಾಡಿದವನು ಒಬ್ಬ, ತಳ ಕತ್ತರಿಸಿದವನು ಇನ್ನೊಬ್ಬ, ವೈರಿಂಗ್ ಎಳೆದವನು ಮತ್ತೊಬ್ಬ. ಹಿಂದಿನ ಮಾಲೀಕ ತನಗೆ ತೋಚಿದ್ದು ಸೇರಿಸಿರುತ್ತಾನೆ. ಕೀಲಿ ನಿಮ್ಮ ಕೈಗೆ ಬಂದ ದಿನದಿಂದ ಅದರ ಕಂಪನಿ ನೀವೇ. ಪರೀಕ್ಷಾ ವಿಭಾಗ ನೀವು, ಬಿಡಿಭಾಗ ವಿಭಾಗ ನೀವು, ದೂರು ಕೇಳುವವರೂ ನೀವು. ಇದಕ್ಕೆ ಮನಸ್ಸು ಇರುವವರಿಗೆ ಈ ಕಾರು ಕೊಡುವ ಖುಷಿ ಬೇರೆ ಯಾವ ಕಾರೂ ಕೊಡಲ್ಲ. ಮನಸ್ಸಿಲ್ಲದವರಿಗೆ ದೊಡ್ಡ ತಲೆನೋವು.

ಇದು ಹೇಗೆ ಅಂತ ಕೆಲವು ಉದಾಹರಣೆ ಕೊಡ್ತೀನಿ.

ವೈರಿಂಗ್ ತಗೊಳ್ಳಿ. ಇಲ್ಲಿ ಎಲೆಕ್ಟ್ರಿಷಿಯನ್‌ಗಳು ಇದ್ದೀರಿ, ನಿಮಗೆ ತಟ್ಟನೆ ಹೊಳೆಯುತ್ತೆ. ಮಾಮೂಲಿ ಕಾರಿನ ಮೈ ತಗಡಿನದ್ದು. ಬ್ಯಾಟರಿಯ ನೆಗೆಟಿವ್ ಮೈಗೆ ಕೊಟ್ಟಿರುತ್ತಾರೆ. ಒಂದು ದೀಪಕ್ಕೆ ಒಂದು ಪಾಸಿಟಿವ್ ವೈರ್ ಎಳೆದರೆ ಸಾಕು, ವಾಪಸ್ ದಾರಿ ತಗಡೇ. ಫೈಬರ್ ಗ್ಲಾಸ್ ಮೈಯಲ್ಲಿ ಕರೆಂಟ್ ಹರಿಯಲ್ಲ. ಪ್ರತಿ ದೀಪಕ್ಕೂ, ಹಾರ್ನಿಗೂ, ಪೆಟ್ರೋಲ್ ಮೀಟರಿಗೂ ಬೇರೆ ಅರ್ಥ್ ವೈರ್ ಬೇಕು. ಅದು ಸಡಿಲವಾದರೆ ಕಾರು ವಿಚಿತ್ರವಾಗಿ ಆಡುತ್ತದೆ. ನನ್ನ ಕಾರಲ್ಲಿ ಎಡಗಡೆ ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿದರೆ ಹಿಂದಿನ ದೀಪ ಪೂರ್ತಿ ಉರಿಯದೆ ಮಿಣಮಿಣ ಅನ್ನುತ್ತಿತ್ತು. ಬಲ್ಬು ಸರಿ, ಫ್ಯೂಸು ಸರಿ, ಸ್ವಿಚ್ಚೂ ಸರಿ. ಕೊನೆಗೆ ಇಂಜಿನ್ ಬಾನೆಟ್ಟಿನ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟು ನೋಡಿದರೆ, ಎರಡೂ ದೀಪಗಳ ಅರ್ಥ್ ವೈರನ್ನು ಒಂದೇ ಸ್ಕ್ರೂಗೆ ಸುತ್ತಿದ್ದರು. ಆ ಸ್ಕ್ರೂ ಹಸಿರು ಕಿಲುಬು ಹಿಡಿದು ಕೂತಿತ್ತು. ಒಂದಕ್ಕೆ ಹೋಗಬೇಕಾದ ಕರೆಂಟು ದಾರಿ ಸಿಗದೆ ಇನ್ನೊಂದರ ಮೂಲಕ ವಾಪಸ್ ಹೋಗುತ್ತಿತ್ತು. ಕಿಲುಬು ಉಜ್ಜಿ, ಪ್ರತಿಯೊಂದಕ್ಕೂ ಬೇರೆ ವೈರ್ ಎಳೆದು, ನೇರ ಚಾಸಿಸ್ಸಿಗೆ ಬೋಲ್ಟ್ ಹಾಕಿದೆ. ರಾತ್ರಿ ಹೊತ್ತು ಹಿಂದೆ ಬರುವ ಲಾರಿಯವನಿಗೆ ನಿಮ್ಮ ಬ್ರೇಕ್ ಲೈಟ್ ಕಾಣುತ್ತೋ ಇಲ್ಲವೋ ಅನ್ನೋದು ಆ ಒಂದು ಸ್ಕ್ರೂ ಮೇಲೆ ನಿಂತಿತ್ತು. ನೋಡೋಕೆ ಎಷ್ಟು ಚಿಕ್ಕ ವಿಷಯ, ಅಲ್ವಾ?

ಇನ್ನು ಬಿಸಿ. ಬೀಟಲ್ ಇಂಜಿನ್ನಿಗೆ ರೇಡಿಯೇಟರ್ ಇಲ್ಲ. ಫ್ಯಾನು ಗಾಳಿ ಎಳೆದು ಸಿಲಿಂಡರ್ ಮೇಲೆ ಊದುತ್ತದೆ. ಇಂಜಿನ್ ಸುತ್ತ ತಗಡಿನ ಹೊದಿಕೆ, ಅದರ ಅಂಚಿಗೆ ರಬ್ಬರ್ ಸೀಲು ಇರುತ್ತದೆ. ಮೇಲಿನ ತಣ್ಣನೆ ಗಾಳಿ ಬೇರೆ, ಕೆಳಗೆ ಸೈಲೆನ್ಸರ್ ಹತ್ತಿರದ ಬಿಸಿ ಗಾಳಿ ಬೇರೆ ಇರಲಿ ಅಂತ ಮಾಡಿದ ವ್ಯವಸ್ಥೆ ಅದು. ರೆಪ್ಲಿಕಾದ ಮೈ ಆಕಾರ ಬೇರೆ. ಸೀಲು ಸರಿಯಾಗಿ ಕೂರಲ್ಲ. ಎಷ್ಟೋ ಜನ ಅದನ್ನು ಹಾಕುವುದೇ ಇಲ್ಲ. ಆಗ ಫ್ಯಾನು ಕೆಳಗಿನ ಬಿಸಿ ಗಾಳಿಯನ್ನೇ ಮತ್ತೆ ಮತ್ತೆ ಎಳೆಯುತ್ತದೆ. ಜೊತೆಗೆ ಸ್ಪೀಡ್‌ಸ್ಟರಿನ ಹಿಂದಿನ ಬಾನೆಟ್ಟಿಗೆ ಇರುವುದು ಒಂದೇ ಸಣ್ಣ ಜಾಲರಿ. ಹೆದ್ದಾರಿಯಲ್ಲಿ ಓಡುತ್ತಿದ್ದರೆ ಹೇಗೋ ನಡೆಯುತ್ತೆ. ಟ್ರಾಫಿಕ್ಕಿನಲ್ಲಿ ನಿಂತರೆ ಇಂಜಿನ್ ಬೇಯುತ್ತದೆ. ದಸರಾ ಸಮಯದಲ್ಲಿ ಸಯ್ಯಾಜಿರಾವ್ ರಸ್ತೆ ಹೇಗಿರುತ್ತೆ ಅಂತ ನೆನೆಸಿಕೊಳ್ಳಿ. ಅಲ್ಲಿ ಈ ಕಾರು ತರುವ ಮುಂಚೆ ಎಣ್ಣೆಯ ಬಿಸಿ ತೋರಿಸುವ ಮೀಟರ್ ಹಾಕಿಸಿಕೊಂಡಿರಬೇಕು. ಬೀಟಲಿನಲ್ಲಿ ಅದು ಮೂಲದಲ್ಲಿ ಇರುವುದಿಲ್ಲ.

ಎಣ್ಣೆ ಅಂದೆನಲ್ಲ. ಆ ಇಂಜಿನ್ ಹಿಡಿಯುವುದು ಎರಡೂವರೆ ಲೀಟರ್ ಮಾತ್ರ. ಫಿಲ್ಟರ್ ಇಲ್ಲ, ಬರೀ ಜಾಲರಿ. ಹಾಗಾಗಿ ಐದು ಸಾವಿರ ಕಿಲೋಮೀಟರ್ ಒಳಗೆ ಎಣ್ಣೆ ಬದಲಾಯಿಸಬೇಕು, ಟ್ಯಾಪೆಟ್ ಸೆಟ್ ಮಾಡಬೇಕು, ಅಂದರೆ ಇಂಜಿನ್ ವಾಲ್ವುಗಳ ಸಂದು ಸರಿ ಮಾಡಬೇಕು. ಈ ಟ್ಯಾಪೆಟ್ ಕೆಲಸ ನನಗೆ ತುಂಬಾ ಇಷ್ಟ. ಇಂಜಿನ್ ಪೂರ್ತಿ ತಣ್ಣಗಿರಬೇಕು. ಬೆಳಗ್ಗೆ ಬೇಗ ಎದ್ದು, ಹಿಂದಿನ ಚಕ್ರದ ಪಕ್ಕ ಗೋಣಿಚೀಲ ಹಾಸಿ, ಒರಗಿ ಮಲಗಬೇಕು. ಕವರಿನ ತಂತಿ ಕ್ಲಿಪ್ಪು ಕೆಳಕ್ಕೆ ಜಗ್ಗಿದರೆ ಕವರು ಕೈಗೆ ಬರುತ್ತದೆ. ಒಂದಿಷ್ಟು ಎಣ್ಣೆ ಮೊಣಕೈವರೆಗೆ ಇಳಿಯುತ್ತದೆ. ಆಮೇಲೆ 0.15 ಮಿ.ಮೀ. ಫೀಲರ್ ಗೇಜು, ಅಂದರೆ ಸಂದು ಅಳೆಯುವ ತೆಳು ಪಟ್ಟಿ, ವಾಲ್ವಿಗೂ ಸ್ಕ್ರೂಗೂ ನಡುವೆ ಜಾರಿಸಬೇಕು. ತೀರಾ ಸಲೀಸಾಗಿ ಹೋಗಬಾರದು, ಕಚ್ಚಿಯೂ ಹಿಡಿಯಬಾರದು. ಬೆರಳಿಗೆ ಸಣ್ಣಗೆ ತಡೆ ಸಿಗಬೇಕು. ಆ ತಡೆ ಸಿಕ್ಕಾಗ ನಟ್ಟು ಬಿಗಿ ಮಾಡಿ ಮತ್ತೆ ಒಂದು ಸಲ ನೋಡಬೇಕು, ಯಾಕೆಂದರೆ ಬಿಗಿ ಮಾಡುವಾಗ ಅಳತೆ ಕೂದಲೆಳೆ ಬದಲಾಗುತ್ತದೆ. ಮೂರನೇ ಸಿಲಿಂಡರ್ ಹತ್ತಿರ ಜಾಸ್ತಿ ಹುಷಾರಾಗಿರಬೇಕು. ಹಳೇ ಮಾದರಿಯಲ್ಲಿ ಆಯಿಲ್ ಕೂಲರ್ ಅದರ ಗಾಳಿಗೆ ಅಡ್ಡ ನಿಂತಿರುತ್ತದೆ, ಅದು ಉಳಿದವಕ್ಕಿಂತ ಬಿಸಿ. ಅಲ್ಲಿ ಸಂದು ಕಡಿಮೆಯಾಗುತ್ತಾ ಬಂದರೆ ವಾಲ್ವು ಸುಡುವ ಸೂಚನೆ. ಇದನ್ನು ಮಾಡಿ ಮುಗಿಸಿ ಸ್ಟಾರ್ಟ್ ಮಾಡಿದಾಗ ಬರುವ ಶಬ್ದ ನಿಮ್ಮ ಕೈಯದ್ದು. ಜಾವಾ ಇಟ್ಟುಕೊಂಡವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತು.

ಪೆಟ್ರೋಲ್ ಪೈಪಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ, ಆದರೆ ಇದು ಪ್ರಾಣದ ಪ್ರಶ್ನೆ. ಟ್ಯಾಂಕು ಮುಂದೆ, ಇಂಜಿನ್ ಹಿಂದೆ. ಕೊನೆಯಲ್ಲಿ ರಬ್ಬರ್ ಪೈಪು ಬಿಸಿ ಇಂಜಿನ್ ಮೇಲೇ ಹಾದು ಕಾರ್ಬುರೇಟರ್ ಸೇರುತ್ತದೆ. ಅದು ಕಳಚಿ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಮೇಲೆ ಪೆಟ್ರೋಲ್ ಸುರಿದರೆ ಬೆಂಕಿ. ಬೀಟಲ್ ಇಂಜಿನ್ನಿನ ಕ್ರ್ಯಾಂಕ್ ಕೇಸು, ಅಂದರೆ ಅದರ ಹೊರ ಕವಚ, ಮೆಗ್ನೀಸಿಯಂ ಮಿಶ್ರಲೋಹ. ಅದು ಹತ್ತಿಕೊಂಡರೆ ನೀರು ಹಾಕಿದರೂ ಆರಲ್ಲ, ಇನ್ನೂ ಜೋರಾಗುತ್ತದೆ. ಮೇಲಿನ ಮೈ ಕೂಡ ಉರಿಯುವ ವಸ್ತುವೇ. ಈಗ ನಮ್ಮ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೇ ಕಾಲದ ರಬ್ಬರನ್ನು ತಿನ್ನುತ್ತದೆ. ಹಳೇ ಗಾಡಿ ಯಾವುದೇ ಇರಲಿ, ನಾಳೆ ಬೆಳಗ್ಗೆಯೇ ಪೈಪು ಬೆರಳಲ್ಲಿ ಬಗ್ಗಿಸಿ ನೋಡಿ. ಬಿರುಕು ಕಂಡರೆ ಎಥನಾಲ್ ತಡೆಯುವ ಪೈಪು ಹಾಕಿಸಿ. ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗೋ ಕಡೆ ಇರಲಿ.

ಇಷ್ಟೆಲ್ಲ ಕೇಳಿದ ಮೇಲೆ ಓಡಿಸೋದು ಹೇಗಿರುತ್ತೆ ಅಂತ ಕೇಳಬೇಕು ನೀವು.

ಅದ್ಭುತವಾಗಿರುತ್ತದೆ. ಸುಮಾರು 800 ಕೆಜಿ ತೂಕದ ಕಾರು. ಸ್ಟೀರಿಂಗಿಗೆ ಪವರ್ ಇಲ್ಲ, ಬೇಕಾಗಿಯೂ ಇಲ್ಲ, ಯಾಕೆಂದರೆ ಮುಂದೆ ಭಾರವೇ ಇಲ್ಲ. ರಸ್ತೆಯ ಪ್ರತಿ ಕಲ್ಲೂ ಅಂಗೈಗೆ ಗೊತ್ತಾಗುತ್ತದೆ. ಬೀಟಲಿನ 1600 ಸಿಸಿ ಇಂಜಿನ್ನಿನ ಶಕ್ತಿ ಐವತ್ತು ಅರವತ್ತು ಕುದುರೆ. ಇವತ್ತಿನ ಒಂದು ಸಣ್ಣ ಕಾರಿಗಿಂತ ಜಾಸ್ತಿ ಅಲ್ಲ. ಆದರೆ ನೆಲಕ್ಕೆ ಅಷ್ಟು ಹತ್ತಿರ ಕೂತು, ತಲೆ ಮೇಲೆ ಏನೂ ಇಲ್ಲದೆ, ಬೆನ್ನ ಹಿಂದೆ ಆ ಇಂಜಿನ್ನಿನ ಪಟಪಟ ಕೇಳುತ್ತಾ ಅರವತ್ತರಲ್ಲಿ ಹೋದರೆ, ಈಗಿನ ಕಾರಿನಲ್ಲಿ ನೂರಿಪ್ಪತ್ತರಲ್ಲೂ ಸಿಗದ ಅನುಭವ ಸಿಗುತ್ತದೆ. ವೇಗದ ಮಿತಿ ಮುರಿಯದೇ ಸಂತೋಷ ಸಿಗುವ ಕಾರು ಇದು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಇದಕ್ಕೆ ಸರಿಯಾದ ರಸ್ತೆ ಅಲ್ಲ. ಅಲ್ಲಿ ಮಿತಿ ಗಂಟೆಗೆ 100. ಆ ವೇಗದಲ್ಲಿ ಸ್ಪೀಡ್‌ಸ್ಟರಿನ ಗಿಡ್ಡ ಗಾಜಿನ ಮೇಲಿಂದ ಗಾಳಿ ಹಣೆಗೆ ಬಡಿಯುತ್ತದೆ, ಪಕ್ಕದವರ ಜೊತೆ ಮಾತಾಡೋಕೆ ಆಗಲ್ಲ. ಇಂಥ ಕಾರಿಗೆ ಹೇಳಿ ಮಾಡಿಸಿದ್ದು ಮುಂಜಾನೆಯ ಕೆಆರ್‌ಎಸ್ ಕಡೆಯ ರಸ್ತೆಗಳು. ಪಾಂಡವಪುರ, ಮೇಲುಕೋಟೆ ಕಡೆ ನಾಲೆ ಪಕ್ಕದ ದಾರಿಗಳು. ಗದ್ದೆಯ ತಂಪು, ಹಸಿ ಕಬ್ಬಿನ ವಾಸನೆ, ಆಲೆಮನೆಯ ಹೊಗೆ, ಎಲ್ಲ ನೇರ ಮೂಗಿಗೆ ಬರುತ್ತದೆ.

ಆದರೆ ಅದೇ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳೂ ಬರುತ್ತವೆ. ಸ್ಪೀಡ್‌ಸ್ಟರಿನ ಎತ್ತರ ನಾಲ್ಕು ಅಡಿ. ಟ್ರ್ಯಾಕ್ಟರಿನ ಹಿಂದಿನ ಚಕ್ರವೇ ಅದಕ್ಕಿಂತ ಎತ್ತರ. ಎರಡು ಟ್ರೈಲರ್ ಕಬ್ಬು ಹೇರಿಕೊಂಡು ಬಲಕ್ಕೆ ತಿರುಗುವ ಚಾಲಕನಿಗೆ ನೀವು ಕಾಣುವುದೇ ಇಲ್ಲ. ನಿಮಗೆ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ, ಪೆಟ್ಟು ಹೀರಿಕೊಳ್ಳುವ ಹಾಗೆ ಲೆಕ್ಕ ಹಾಕಿ ಮಾಡಿದ ಮುಂಭಾಗ ಇಲ್ಲ. ಮುಂದೆ ಇರುವುದು ಸ್ಟೆಪ್ನಿ ಮತ್ತು ಪೆಟ್ರೋಲ್ ಟ್ಯಾಂಕು. ನಾನು ನನ್ನ ಕಾರಿಗೆ ಮಾಡಿಸಿದ ಮೊದಲ ಕೆಲಸ ಮುಂದಿನ ಡ್ರಮ್ ತೆಗೆದು ಡಿಸ್ಕ್ ಬ್ರೇಕ್ ಹಾಕಿಸಿದ್ದು, ಎರಡನೆಯದು ಮೂರು ಕಡೆ ಬಿಗಿಯುವ ಸೀಟ್ ಬೆಲ್ಟ್. ಅಸಲಿ ಹಾಗೇ ಇರಲಿ ಅನ್ನುವವರು ಇದಕ್ಕೆ ಮುಖ ಸಿಂಡರಿಸುತ್ತಾರೆ. ನನ್ನ ಮಟ್ಟಿಗೆ ರೆಪ್ಲಿಕಾದ ದೊಡ್ಡ ಲಾಭವೇ ಇದು. ಅಸಲಿ ಕಾರಿಗೆ ಕೈ ಹಾಕಿದರೆ ಚರಿತ್ರೆ ಕೆಡುತ್ತೆ. ಇಲ್ಲಿ ಆ ಭಯ ಇಲ್ಲ, ನಿಲ್ಲಬೇಕಾದ ಕಡೆ ನಿಲ್ಲುವ ಹಾಗೆ ಮಾಡಿಕೊಳ್ಳಬಹುದು.

ಚಾಮುಂಡಿ ಬೆಟ್ಟದ ತಿರುವುಗಳ ಬಗ್ಗೆ ಒಬ್ಬರು ಮೊದಲೇ ಕೇಳಿದ್ದರು. ಹತ್ತುವುದು ಕಷ್ಟವಿಲ್ಲ. ಇಳಿಯುವಾಗ ನೋಡಬೇಕು. 1968ಕ್ಕಿಂತ ಹಳೇ ಬೀಟಲ್ ತಳದಲ್ಲಿ ಹಿಂದಿನದ್ದು ಸ್ವಿಂಗ್ ಆಕ್ಸಲ್, ಅಂದರೆ ಚಕ್ರದ ದಂಡ ಗೇರ್ ಬಾಕ್ಸಿನ ಹತ್ತಿರ ಮಾತ್ರ ಬಾಗುವ ವ್ಯವಸ್ಥೆ. ಇಂಜಿನ್ನಿನ ಭಾರ ಆಕ್ಸಲ್ಲಿಗಿಂತ ಹಿಂದೆ. ತಿರುವಿನ ನಡುವೆ ಹೆದರಿ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಹಿಂದಿನ ಭಾಗ ಹಗುರಾಗುತ್ತದೆ, ಹೊರಗಿನ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ, ಕಾರು ಗಿರ್ರನೆ ತಿರುಗುತ್ತದೆ. ತಿರುವಿಗೆ ಮುಂಚೆಯೇ ವೇಗ ಇಳಿಸಬೇಕು, ತಿರುವಿನೊಳಗೆ ಕಾಲು ಒಂದೇ ಸಮ ಇರಬೇಕು. ಕೋಬ್ರಾ ರೆಪ್ಲಿಕಾ ಓಡಿಸುವವರಿಗೆ ಅಪಾಯ ಬೇರೆ ಥರ. ನಾನೂರು ಕುದುರೆಯ ಇಂಜಿನ್ನು, ಒಂದು ಟನ್ ಚಿಲ್ಲರೆ ತೂಕ. ಒದ್ದೆ ರಸ್ತೆಯಲ್ಲಿ ಸ್ವಲ್ಪ ಜೋರಾಗಿ ಒತ್ತಿದರೂ ಹಿಂದಿನ ಚಕ್ರ ಜಾರುತ್ತದೆ. ಸೈಲೆನ್ಸರ್ ಬಾಗಿಲ ಕೆಳಗೇ ಹಾದುಹೋಗುವುದರಿಂದ ಇಳಿಯುವಾಗ ಮೀನಖಂಡ ಸುಟ್ಟುಕೊಳ್ಳದ ಮಾಲೀಕರು ಕಡಿಮೆ.

ಹಂಪುಗಳ ಬಗ್ಗೆ ಹೇಳಲೇಬೇಕು. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಹಾಗೆ ಹಾಕಿದರೆ ಯಾವ ಕಾರಿಗೂ ತೊಂದರೆ ಇಲ್ಲ. ನಮ್ಮ ಹಳ್ಳಿಗಳಲ್ಲಿ ಹಾಕುವುದು ಬದು ಕಟ್ಟಿದ ಹಾಗೆ. ನೆಲಕ್ಕೆ ತಗ್ಗಾಗಿರುವ ಕಾರನ್ನು ಅಡ್ಡಡ್ಡ ದಾಟಿಸಬೇಕಾಗುತ್ತದೆ. ಅದಾದ ಮೇಲೆ ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಹರಡಿರುತ್ತಾರೆ. ಒಣಗಿದ ಹುಲ್ಲು ಕಾರಿನ ಅಡಿಗೆ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ.

ಮಳೆ ಬಂದರೆ? ಗಾಡಿ ನಿಲ್ಲಿಸಿ, ಹುಡ್ ಎಳೆದು, ಗುಂಡಿ ಹಾಕಿ, ಪಕ್ಕದ ಪರದೆಗಳನ್ನು ಸಿಕ್ಕಿಸಬೇಕು. ಅಷ್ಟೊತ್ತಿಗೆ ನೆನೆದಿರುತ್ತೀರಿ. ಹುಡ್ ಹಾಕಿದ ಮೇಲೆ ಒಳಗೆ ಆವಿ ಕಟ್ಟಿ ಗಾಜು ಮಂಜಾಗುತ್ತದೆ. ನನ್ನ ಹೆಂಡತಿ ಡ್ಯಾಶ್ ಬೋರ್ಡಿನ ಕೆಳಗೆ ಯಾವಾಗಲೂ ಒಂದು ಒಣ ಟವೆಲ್ ಇಟ್ಟಿರುತ್ತಿದ್ದಳು. ನಾನು ಓಡಿಸುವುದು, ಅವಳು ಒರೆಸುವುದು.

ಈಗ ಇನ್ನೊಂದು ಮುಖ್ಯ ವಿಷಯ. ಈ ಕಾರು ನಿಲ್ಲಿಸಿದ ಕಡೆಯೆಲ್ಲ ಜನ ಬರುತ್ತಾರೆ. ಮುದುಕರು, ಮಕ್ಕಳು, ಎಲ್ಲರೂ. ಎಲ್ಲರ ಮೊದಲ ಪ್ರಶ್ನೆ, "ಇದು ಒರಿಜಿನಲ್ಲಾ?" ಇಲ್ಲ ಅಂತ ತಕ್ಷಣ ಹೇಳಿಬಿಡಬೇಕು. ನಾನು ಹಾಗೇ ಮಾಡಿದೆ, ಯಾರ ಮುಖವೂ ಬಾಡಲಿಲ್ಲ. ಮಾತು ಅಲ್ಲಿಂದಲೇ ಶುರುವಾಗುತ್ತಿತ್ತು. ಇಂಜಿನ್ ಯಾವುದು, ಯಾರು ಕಟ್ಟಿದ್ದು, ನಾನೂ ಒಂದು ಬೀಟಲ್ ಇಟ್ಟಿದ್ದೆ ಅಂತ. ಸುಳ್ಳು ಹೇಳಿದವನಿಗೆ ಆ ಮಾತುಕತೆ ಸಿಗಲ್ಲ. ಮೂಲ ಕಂಪನಿಯ ಲಾಂಛನ ಹಚ್ಚಿ ಓಡಾಡುವುದು ನನಗೆ ಒಪ್ಪಿಗೆ ಇಲ್ಲ. ಅದು ಕಾನೂನಿನ ತೊಡಕೂ ಹೌದು. ಫೆರಾರಿ ಕಾರಿನ ಆಕಾರ ನಕಲು ಮಾಡಿ ಕಾರಿನ ಬಾಡಿ ಮಾರುತ್ತಿದ್ದವರ ಮೇಲೆ ಫೆರಾರಿ ಹೂಡಿದ ದಾವೆಯಲ್ಲಿ 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಫೆರಾರಿ ಪರವಾಗಿ ತೀರ್ಪು ಕೊಟ್ಟಿತು. ಮಾರುವಾಗಲೂ ಅಷ್ಟೇ. ನಾಳೆ ಈ ಕಾರು ಮೂರನೆಯವರ ಕೈಗೆ, ನಾಲ್ಕನೆಯವರ ಕೈಗೆ ಹೋಗುತ್ತದೆ. ಯಾರು, ಯಾವಾಗ, ಯಾವುದರ ಮೇಲೆ ಕಟ್ಟಿದರು ಅನ್ನುವ ಫೈಲು ಕಾರಿನ ಜೊತೆಗೇ ಹೋಗಬೇಕು.

ಕಾಗದ ಪತ್ರ ಅಂದರೆ, ಅಮೆರಿಕದಲ್ಲಿ ಇದಕ್ಕೆ ದಾರಿ ಇದೆ. ಕ್ಯಾಲಿಫೋರ್ನಿಯಾದಲ್ಲಿ ಕೈಯಾರೆ ಕಟ್ಟಿದ ಕಾರುಗಳಿಗೆ ಬೇರೆ ವರ್ಗವೇ ಇದೆ. ಹೊಗೆ ಪರೀಕ್ಷೆಯಲ್ಲಿ ಮೂಲ ಮಾದರಿಯ ಕಾಲದ ನಿಯಮಕ್ಕೆ ಒಳಪಡಿಸುವ ಅವಕಾಶವನ್ನು ವರ್ಷಕ್ಕೆ 500 ಕಾರಿಗೆ ಕೊಡುತ್ತಾರೆ. 2015ರ ಅಮೆರಿಕದ ಕೇಂದ್ರ ಕಾಯ್ದೆಯ ಪ್ರಕಾರ ಒಬ್ಬ ಸಣ್ಣ ತಯಾರಕ ವರ್ಷಕ್ಕೆ 325 ರೆಪ್ಲಿಕಾ ಮಾರಬಹುದು, ಮೂಲ ಕಾರು ಕನಿಷ್ಠ 25 ವರ್ಷ ಹಳೇದಾಗಿರಬೇಕು. ಬ್ರಿಟನ್ನಿನಲ್ಲಿ ಒಂದೊಂದೇ ಕಾರನ್ನು ಪರೀಕ್ಷೆ ಮಾಡಿ ರಸ್ತೆಗೆ ಬಿಡುವ ವ್ಯವಸ್ಥೆ ಇದೆ.

ನಮ್ಮಲ್ಲಿ ಆ ದಾರಿ ಇಲ್ಲ. ಇದನ್ನು ಹುಡುಗರು ಸ್ಪಷ್ಟವಾಗಿ ಕೇಳಿಸಿಕೊಳ್ಳಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವ ಹಾಗೆ ವಾಹನ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಪ್ರಕರಣದಲ್ಲಿ ಇದನ್ನೇ ಒತ್ತಿ ಹೇಳಿತು. ಅದೇ ವರ್ಷ ಕಾಯ್ದೆಗೆ ಬಂದ ತಿದ್ದುಪಡಿಯಲ್ಲಿ ಮಾಲೀಕನಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಇದೆ. ಹಳೇ ಕಾರಿನ ಆರ್‌ಸಿ ಇಟ್ಟುಕೊಂಡು ಮೇಲೆ ಬೇರೆ ಮೈ ಕೂರಿಸಿ ಕೆಎ-09 ನಂಬರಿನಲ್ಲಿ ಓಡಿಸುವ ಯೋಚನೆ ಇದ್ದರೆ ಬಿಟ್ಟುಬಿಡಿ. ಅಪಘಾತವಾದರೆ ವಿಮೆ ಕಂಪನಿ ಕೈ ಎತ್ತಬಹುದು. ಪೆಟ್ಟು ತಿಂದವನ ಮನೆಯವರಿಗೆ ನೀವೇ ಉತ್ತರ ಕೊಡಬೇಕಾಗುತ್ತದೆ. ವಿದೇಶದಿಂದ ತರೋಣ ಅಂದರೆ, ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೇದಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು ಅನ್ನುವ ನಿಯಮ ಇದೆ. ನನ್ನ ಕಾರು ಎರಡರಲ್ಲೂ ಪಾಸಾಗುತ್ತಿರಲಿಲ್ಲ. 2021ರಲ್ಲಿ ಬಂದ ವಿಂಟೇಜ್ ನೋಂದಣಿ, ಅಂದರೆ ವಿಎ ಅಕ್ಷರದ ನಂಬರು, 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ವಾಹನಕ್ಕೆ ಮಾತ್ರ.

ಸಣ್ಣ ಸಂಖ್ಯೆಯಲ್ಲಿ, ಪರೀಕ್ಷೆಗೆ ಒಳಪಡಿಸಿ, ಪ್ರಾಮಾಣಿಕವಾಗಿ ಕಟ್ಟುವವರಿಗೆ ನಮ್ಮ ದೇಶದಲ್ಲೂ ಒಂದು ಕಾನೂನಿನ ದಾರಿ ತೆರೆಯಬೇಕು ಅಂತ ನಾನು ಗಟ್ಟಿಯಾಗಿ ನಂಬುತ್ತೇನೆ. ಈ ಊರಿನ ಕೈಗಳಿಗೆ ಆ ಶಕ್ತಿ ಇದೆ. ದಾರಿ ತೆರೆಯುವವರೆಗೆ ರಸ್ತೆಗೆ ಬೇಡ. ಸ್ವಂತ ಜಾಗದಲ್ಲಿ ಓಡಿಸಲು ಕಟ್ಟಬಹುದು. ಟ್ರ್ಯಾಕಿನವರು ಒಪ್ಪಿದರೆ ಕೊಯಮತ್ತೂರಿನ ಕಾರಿ ಮೋಟಾರ್ ಸ್ಪೀಡ್‌ವೇಗೆ ಲಾರಿಯಲ್ಲಿ ಹಾಕಿಕೊಂಡು ಹೋಗಬಹುದು.

ಪ್ರಶ್ನೆಗಳಲ್ಲಿ ಕೆಲವು ಇಲ್ಲಿವೆ.

"ಸಾರ್, ಎಲೆಕ್ಟ್ರಿಕ್ ಮೋಟರ್ ಹಾಕಿದರೆ ಬಿಸಿ, ಪೆಟ್ರೋಲು, ಟ್ಯಾಪೆಟ್ ಯಾವುದೂ ಇರಲ್ಲ ಅಲ್ವಾ?" ಅಂತ ಒಬ್ಬ ವಿದ್ಯಾರ್ಥಿನಿ ಕೇಳಿದಳು. ಒಳ್ಳೆ ಪ್ರಶ್ನೆ ಅಮ್ಮಾ. ವಿದೇಶಗಳಲ್ಲಿ ಹಾಗೆ ಮಾಡುತ್ತಿದ್ದಾರೆ. ನಮ್ಮಲ್ಲೂ ಅನುಮೋದನೆ ಪಡೆದ ಕಿಟ್ ಹಾಕಿಸಿ, ಆರ್‌ಸಿಯಲ್ಲಿ ನಮೂದು ಮಾಡಿಸಿಕೊಂಡರೆ ಇಂಜಿನ್ ಬದಲಾಯಿಸಬಹುದು. ಆದರೆ ಅದು ಇಂಜಿನ್ನಿಗೆ ಸಿಗುವ ಅನುಮತಿ, ಮೈ ಬದಲಾಯಿಸೋಕೆ ಅಲ್ಲ. ಬ್ಯಾಟರಿ ಭಾರ ಎಲ್ಲಿ ಕೂರಿಸುತ್ತೀಯ ಅನ್ನುವುದರ ಮೇಲೆ ಕಾರಿನ ನಡವಳಿಕೆ ಪೂರ್ತಿ ಬದಲಾಗುತ್ತದೆ. ಹಿಂದೆಯೇ ಎಲ್ಲ ಹೇರಿದರೆ ಸ್ವಿಂಗ್ ಆಕ್ಸಲ್ ತೊಂದರೆ ಇನ್ನೂ ಹೆಚ್ಚು.

"ಖರ್ಚು ಎಷ್ಟು?" ಅಲ್ಲಿ ಒಂದು ಒಳ್ಳೆ ರೆಪ್ಲಿಕಾ ಹೆಚ್ಚು ಕಡಿಮೆ ಒಂದು ಹೊಸ ಫ್ಯಾಮಿಲಿ ಕಾರಿನ ಬೆಲೆ. ಬೀಟಲ್ ಎರಡು ಕೋಟಿಗೂ ಹೆಚ್ಚು ತಯಾರಾದ ಕಾರು, ಮೆಕ್ಸಿಕೋದಲ್ಲಿ 2003ರವರೆಗೂ ಬರುತ್ತಿತ್ತು. ಹಾಗಾಗಿ ಇಂಜಿನ್ ಭಾಗಗಳು ಅಗ್ಗ. ದುಬಾರಿ ಆಗುವುದು ಗಾಜು, ಹುಡ್, ಬಾಗಿಲಿನ ರಬ್ಬರು. ಅವು ಆ ಒಂದು ಮೈಗೆ ಮಾತ್ರ ಹೊಂದುವಂಥವು, ಮೈ ಮಾಡಿದವರು ಅಂಗಡಿ ಮುಚ್ಚಿದ್ದರೆ ಕೈಯಲ್ಲೇ ಮಾಡಿಸಬೇಕು.

ಕೊನೆಗೆ ಬನ್ನಿಮಂಟಪದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯ ಮೆಕ್ಯಾನಿಕ್ ಎದ್ದು ಕೇಳಿದರು. "ಅಲ್ಲ ಸ್ವಾಮಿ, ಕಾನೂನಿನ ಪ್ರಕಾರ ರಸ್ತೆ ಮೇಲೆ ಓಡಿಸೋ ಹಾಗೆ ಈ ಹುಡುಗರು ಯಾವುದಕ್ಕೆ ಕೈ ಹಾಕಬೇಕು, ಅದನ್ನ ಹೇಳಿ."

ಯಜಮಾನರೇ, ನನ್ನ ಉತ್ತರ ಸ್ಟ್ಯಾಂಡರ್ಡ್ ಹೆರಾಲ್ಡ್. 1961ರಿಂದ ಮದ್ರಾಸಿನಲ್ಲಿ ತಯಾರಾದ ಕಾರು. ಇದರ ಮೂಲವಾದ ಟ್ರಯಂಫ್ ಹೆರಾಲ್ಡ್ ಚಾಸಿಸ್ಸನ್ನೇ ಗಿಡ್ಡ ಮಾಡಿ ಇಂಗ್ಲೆಂಡಿನವರು 1962ರಲ್ಲಿ ಟ್ರಯಂಫ್ ಸ್ಪಿಟ್‌ಫೈರ್ ಅನ್ನುವ ಸ್ಪೋರ್ಟ್ಸ್ ಕಾರು ಮಾಡಿದರು. ಬಾನೆಟ್ಟು ಪೂರ್ತಿ ಮುಂದಕ್ಕೆ ಏಳುತ್ತದೆ, ಇಂಜಿನ್ ಪಕ್ಕದಲ್ಲಿ ಟೈರ್ ಮೇಲೆ ಕೂತು ಕೆಲಸ ಮಾಡಬಹುದು. ಕಲಿಯುವ ಹುಡುಗರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಉಳಿದಿರುವ ಕಾರುಗಳಿಗೆ 50 ವರ್ಷ ಆಗಿದೆ, ಹಾಗಾಗಿ ಮೈ ಬದಲಾಯಿಸದೆ ಮೂಲ ರೂಪದಲ್ಲೇ ರಿಪೇರಿ ಮಾಡಿದರೆ ಆಗಲೇ ಹೇಳಿದ ವಿಎ ನೋಂದಣಿಗೂ ಕೇಳಬಹುದು. ಕೊಳ್ಳುವಾಗ ಮೊದಲು ಆರ್‌ಸಿಯಲ್ಲಿರುವ ಚಾಸಿಸ್ ನಂಬರು ಕಾರಿನದ್ದಕ್ಕೆ ಸರಿಹೊಂದುತ್ತಾ ನೋಡಿ. ಆಮೇಲೆ ಕೆಳಗೆ ಮಲಗಿ, ಚಾಸಿಸ್ಸಿನಿಂದ ಪಕ್ಕಕ್ಕೆ ಚಾಚಿರುವ ತೋಳುಗಳಿಗೆ ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ತುಕ್ಕು ಮೊದಲು ತಿನ್ನುವುದು ಅವನ್ನೇ. ಸ್ಕ್ರೂಡ್ರೈವರ್ ಒಳಗೆ ಹೋಗದಿದ್ದರೆ ಮಾತ್ರ ಬೆಲೆಯ ಮಾತು ಎತ್ತಿ.